ರಾತ್ರಿ ಮನೆ ಝಡತಿಗೆ ಬಂದವರ ಕೈಯಲ್ಲಿ ವಾರಂಟ್ ಇರಲಿಲ್ಲ. ಇದು ಕಾನೂನಿಗೆ ಸರಿಯೇ?

ಕೋಡಿಬಾಗದವ

ಎಲ್ಲರಿಗೂ ನಮಸ್ಕಾರ. ಕಳೆದ ಶುಕ್ರವಾರ ರಾತ್ರಿ ನಮ್ಮ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಠಾಣೆ ಯಾವುದು, ಅಧಿಕಾರಿ ಯಾರು ಎಂದು ದಯವಿಟ್ಟು ಯಾರೂ ಕೇಳಬೇಡಿ, ಹೇಳುವುದಿಲ್ಲ. ಕಾನೂನು ಏನು ಹೇಳುತ್ತದೆ ಎಂಬುದಷ್ಟೇ ನನಗೆ ಬೇಕು.

ನನ್ನ ತಮ್ಮ ಬಾಡಿಗೆ ಟೆಂಪೋ ಓಡಿಸುತ್ತಾನೆ. ಅಂದು ಮಡಗಾಂವಿನಲ್ಲಿ ತರಕಾರಿ ಇಳಿಸಿ, ಖಾಲಿ ಕ್ರೇಟುಗಳನ್ನು ಹೇರಿಕೊಂಡು ಮರಳುವಾಗ, ಗೋವಾ ಗಡಿಯ ಮಾಜಾಳಿ ತಪಾಸಣಾ ನಾಕೆಯ ಈಚೆ ಅವನ ಗಾಡಿಯನ್ನು ತಡೆದು, ಕ್ರೇಟುಗಳ ಅಡಿಯಲ್ಲಿ ಗೋವಾ ಮದ್ಯದ ಎರಡು ಪೆಟ್ಟಿಗೆ ಸಿಕ್ಕವೆಂದು ಠಾಣೆಗೆ ಕರೆದೊಯ್ದರು. ಅದು ಅವನದೋ, ಜೊತೆಗಿದ್ದ ಹುಡುಗನದೋ ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳಲಿ. ನನ್ನ ಪ್ರಶ್ನೆ ಅನಂತರ ನಡೆದದ್ದರ ಬಗ್ಗೆ.

ರಾತ್ರಿ ಸುಮಾರು ಒಂಬತ್ತೂ ಕಾಲಿಗೆ ಒಬ್ಬ ಅಧಿಕಾರಿ ಹಾಗೂ ಮೂವರು ಸಿಬ್ಬಂದಿ ಮನೆಗೆ ಬಂದು, ಇನ್ನಷ್ಟು ಮಾಲು ಇಲ್ಲಿದೆಯೆಂದು ಮಾಹಿತಿ ಬಂದಿದೆ, ಮನೆ ನೋಡಬೇಕು ಎಂದರು. ನಾನು ವಾರಂಟ್ ಕೇಳಿದೆ. "ಅದೆಲ್ಲ ಸಿನಿಮಾದಲ್ಲಿ" ಎಂದು ಒಬ್ಬರು ನಕ್ಕರು. ಆಯಿ (ಅಮ್ಮ) ಹೆದರಿ "ನೋಡಿಕೊಳ್ಳಿ" ಎಂದುಬಿಟ್ಟಳು. ಒಬ್ಬರು ಅಕ್ಕಿ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ತಡಕಾಡಿದರು. ಇನ್ನೊಬ್ಬರು ಆಯಿಯ ಟ್ರಂಕ್ ತೆರೆದು, ನುಸಿಗುಳಿಗೆ ಇಟ್ಟು ಮಡಚಿದ್ದ ಅವಳ ಧಾರೆ ಸೀರೆಯನ್ನು ಬಿಡಿಸಿ ಕೊಡವಿದರು. ಗುಳಿಗೆಗಳು ಉರುಳಿ ಮಂಚದಡಿಗೆ ಹೋದವು. ಅವರು ಅಟ್ಟ ಹತ್ತಿ ಇಳಿಯುವವರೆಗೂ ಆಯಿ ನೆಲದ ಮೇಲೆ ಕುಳಿತು ಒಂದೊಂದೇ ಗುಳಿಗೆ ಹೆಕ್ಕುತ್ತಿದ್ದಳು. ಮದ್ಯವೇನೂ ಸಿಗಲಿಲ್ಲ. ಹೋಗುವಾಗ ಚಾರ್ಜಿಗೆ ಹಾಕಿದ್ದ ತಮ್ಮನ ಇನ್ನೊಂದು ಮೊಬೈಲ್ ತೆಗೆದುಕೊಂಡು ಹೋದರು. ಚೀಟಿ ಕೊಡಲಿಲ್ಲ, ನೆರೆಯವರನ್ನು ಕರೆಯಲಿಲ್ಲ. ವಾರಂಟ್ ಇಲ್ಲದೆ ಹೀಗೆ ಮಾಡಲು ಸಂವಿಧಾನ ಬಿಡುತ್ತದೆಯೇ?

ಅಂಕೋಲೆ ಓದುಗ

ಖಂಡಿತ ಬಿಡುವುದಿಲ್ಲ. ಸಂವಿಧಾನದ 21ನೇ ವಿಧಿ ಓದಿ. ನ್ಯಾಯಾಧೀಶರ ವಾರಂಟ್ ಇಲ್ಲದೆ ಪೊಲೀಸರು ಹೊಸ್ತಿಲು ದಾಟುವಂತೆಯೇ ಇಲ್ಲ.

ಶಿರಸಿ ವಕೀಲ

ಓದುಗರೇ, ಕ್ಷಮಿಸಿ, 21ನೇ ವಿಧಿಯಲ್ಲಿ ವಾರಂಟ್ ಎಂಬ ಶಬ್ದವೇ ಇಲ್ಲ. ಕಾನೂನು ವಿಧಿಸಿದ ಕ್ರಮದ ಪ್ರಕಾರವಲ್ಲದೆ ಯಾರ ಜೀವವನ್ನಾಗಲಿ ವೈಯಕ್ತಿಕ ಸ್ವಾತಂತ್ರ್ಯವನ್ನಾಗಲಿ ಕಸಿಯುವಂತಿಲ್ಲ ಎಂದಷ್ಟೇ ಅದು ಹೇಳುತ್ತದೆ. ಆದ್ದರಿಂದ ಪ್ರಶ್ನೆ ಸುತ್ತಿ ಬಳಸಿ "ಆ ಕ್ರಮ ಯಾವುದು" ಎಂಬಲ್ಲಿಗೇ ಬರುತ್ತದೆ.

2024ರ ಜುಲೈ 1ರಿಂದ ಆ ಕ್ರಮ ಇರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ. ಅದರ 96ನೇ ಕಲಮಿನಲ್ಲಿ ನ್ಯಾಯಾಲಯ ಶೋಧನಾ ವಾರಂಟ್ ಕೊಡುವ ವಿಷಯವಿದೆ. 185ನೇ ಕಲಮಿನಲ್ಲಿ ವಾರಂಟ್ ಇಲ್ಲದೆ ಶೋಧಿಸುವ ವಿಷಯವಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 165 ಇದೇ. ತನಿಖೆಗೆ ಬೇಕಾದ ವಸ್ತು ತನ್ನ ಠಾಣೆಯ ಸರಹದ್ದಿನೊಳಗಿನ ಒಂದು ಸ್ಥಳದಲ್ಲಿದೆ ಎಂದು ನಂಬಲು ಸಕಾರಣವಿದ್ದು, ಅನುಚಿತ ವಿಳಂಬವಿಲ್ಲದೆ ಬೇರೆ ರೀತಿಯಲ್ಲಿ ಅದು ದೊರೆಯದು ಎಂದು ತನಿಖಾಧಿಕಾರಿಗೆ ಅನಿಸಿದರೆ, ಆತ ಆ ನಂಬಿಕೆಯ ಕಾರಣಗಳನ್ನೂ ಹುಡುಕುತ್ತಿರುವ ವಸ್ತು ಯಾವುದೆಂಬುದನ್ನೂ ಕೇಸ್ ಡೈರಿಯಲ್ಲಿ ಬರೆದಿಟ್ಟು, ಅನಂತರ ಶೋಧಿಸಬಹುದು. ಹೇಳುವುದಕ್ಕೆ ಇದು ಅಪವಾದ, ನಡೆಯುವುದೆಲ್ಲ ಇದರಲ್ಲೇ. ಇಪ್ಪತ್ತೆರಡು ವರ್ಷಗಳ ವಕೀಲಿಯಲ್ಲಿ ನಾನು ಕಣ್ಣಾರೆ ಕಂಡ ಶೋಧನಾ ವಾರಂಟುಗಳನ್ನು ಎರಡು ಕೈಗಳ ಬೆರಳಲ್ಲಿ ಎಣಿಸಬಹುದು.

ಆದ್ದರಿಂದ ಕೋಡಿಬಾಗದವರೇ, ನೀವು ಬಾಗಿಲಲ್ಲಿ ಕೇಳಿದ ಕಾಗದವೇ ಬೇರೆ, ಕೇಳಬೇಕಿದ್ದ ಕಾಗದವೇ ಬೇರೆ. ಕಾರಣಗಳ ಬರಹ ಎಲ್ಲಿದೆ, ಶೋಧನೆಗೆ ಸಾಕ್ಷಿಯಾಗಿ ನಿಲ್ಲುವ ಪಂಚರು ಎಲ್ಲಿ, ಜಪ್ತಿ ಪಟ್ಟಿಯ ಪ್ರತಿ ಎಲ್ಲಿ, ದೃಶ್ಯ ಮುದ್ರಣ ಆಗುತ್ತಿದೆಯೇ ಎಂದು ಕೇಳಬೇಕಿತ್ತು. ಕೊನೆಯದು ಹೊಸ ಸಂಹಿತೆಯ 105ನೇ ಕಲಮಿನಲ್ಲಿ ಕಡ್ಡಾಯವಾಗಿ ಬಂದಿದೆ. ಮೊಬೈಲಿನಲ್ಲಿ ಮಾಡಿದರೂ ಸಾಕು, ಆದರೆ ಮಾಡಲೇಬೇಕು ಮತ್ತು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಲೇಬೇಕು.

ನಿವೃತ್ತ ಜಮಾದಾರ

ಇಲ್ಲಿ ಎಲ್ಲರೂ ಪೊಲೀಸರ ಮೇಲೆ ಬೀಳುವ ಮೊದಲು ಒಂದು ಮಾತು ಕೇಳಿ. ಮೂವತ್ತು ವರ್ಷ ಇದೇ ಕರಾವಳಿಯಲ್ಲಿ ನೌಕರಿ ಮಾಡಿದ್ದೇನೆ. ಗೋವಾ ಗಡಿಯ ಮಾಲು ಹಿಡಿದವನಿಗೆ ಗೊತ್ತು, ಗಾಡಿ ಸಿಕ್ಕಿಬಿದ್ದ ಸುದ್ದಿ ಗಾಡಿಗಿಂತ ಮೊದಲು ಊರು ಮುಟ್ಟುತ್ತದೆ. ರಾತ್ರಿ ಮ್ಯಾಜಿಸ್ಟ್ರೇಟರ ಮನೆ ಬಾಗಿಲು ತಟ್ಟಿ, ಅರ್ಜಿ ಬರೆದು, ವಾರಂಟ್ ಹಿಡಿದು ಮರಳುವಷ್ಟರಲ್ಲಿ ಪೆಟ್ಟಿಗೆಗಳು ದೋಣಿ ಹತ್ತಿ ಕಾಳಿ ನದಿಯ ಆಚೆ ದಡ ಸೇರಿರುತ್ತವೆ. ಕಾನೂನು ಮಾಡಿದವರಿಗೆ ಇದು ತಿಳಿದೇ ಇತ್ತು, ಅದಕ್ಕಾಗಿಯೇ ಆ ದಾರಿ ಇಟ್ಟಿದ್ದಾರೆ.

ಆದರೆ ಪಟ್ಟಿ ಕೊಡದೆ ಹೋದದ್ದು ತಪ್ಪು, ಅದನ್ನು ನಾನು ಸಮರ್ಥಿಸುವುದಿಲ್ಲ. ನಮ್ಮ ಕಾಲದಲ್ಲಿ ಒಳಗೆ ಕಾಲಿಡುವ ಮೊದಲು ಮನೆಯವರಿಗೂ ಪಂಚರಿಗೂ ನಮ್ಮ ಅಂಗಝಡತಿ ಕೊಡುತ್ತಿದ್ದೆವು. ಕಿಸೆಯನ್ನು ಹೊರಗೆ ಮಗುಚಿ ತೋರಿಸಿ ಒಳಗೆ ಹೋದರೆ, ನಾವೇ ಏನೋ ತಂದಿಟ್ಟೆವು ಎಂದು ನಾಳೆ ಯಾರೂ ಹೇಳುವಂತಿರಲಿಲ್ಲ. ಇನ್ನು ಇವರ ಆಯಿ "ನೋಡಿಕೊಳ್ಳಿ" ಎಂದಿದ್ದಾರಲ್ಲ, ಒಪ್ಪಿಗೆ ಕೊಟ್ಟ ಮೇಲೆ ವಾರಂಟಿನ ಪ್ರಶ್ನೆ ಎಲ್ಲಿಂದ ಬಂತು?

ಅಂಕೋಲೆ ಓದುಗ

ನಾಲ್ವರು ಸಮವಸ್ತ್ರದವರು ರಾತ್ರಿ ಅಂಗಳದಲ್ಲಿ ನಿಂತಿರುವಾಗ ಒಬ್ಬ ಮುದುಕಿ ಆಡಿದ ಮಾತನ್ನು ಒಪ್ಪಿಗೆ ಎನ್ನುತ್ತೀರಾ ಜಮಾದಾರರೇ?

ಯಲ್ಲಾಪುರದಿಂದ ನ್ಯೂಜೆರ್ಸಿಗೆ

ಈ ಒಪ್ಪಿಗೆಯ ವಿಷಯದಲ್ಲಿ ನಾನಿರುವ ದೇಶದ ನ್ಯಾಯಾಲಯಗಳು ಬಹಳ ಹೆಣಗಿವೆ. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ನಾಲ್ಕನೇ ತಿದ್ದುಪಡಿ, ಜನರ ದೇಹ, ಮನೆ, ಕಾಗದಪತ್ರ ಮತ್ತು ವಸ್ತುಗಳಿಗೆ ಅಕಾರಣ ಶೋಧನೆಯಿಂದ ರಕ್ಷಣೆ ಕೊಡುತ್ತದೆ. ಶೋಧಿಸುವ ಸ್ಥಳವನ್ನೂ ವಶಪಡಿಸಿಕೊಳ್ಳುವ ವಸ್ತುವನ್ನೂ ನಿರ್ದಿಷ್ಟವಾಗಿ ಹೇಳದ ವಾರಂಟ್ ಕೊಡಬಾರದು ಎನ್ನುತ್ತದೆ. ಆದರೆ ಅಲ್ಲಿಯೂ ವಾರಂಟಿಗೆ ವಿನಾಯಿತಿಗಳು ಸಾಲುಸಾಲಾಗಿವೆ. ಒಪ್ಪಿಗೆ ಅವುಗಳಲ್ಲೊಂದು. ಒಪ್ಪಿಗೆ ಸ್ವಇಚ್ಛೆಯದಾಗಿರಬೇಕು, ಆದರೆ ನಿರಾಕರಿಸುವ ಹಕ್ಕಿದೆ ಎಂದು ಪೊಲೀಸರು ಮೊದಲೇ ಹೇಳಬೇಕಾಗಿಲ್ಲ ಎಂದು 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ನನಗೆ ಅದು ಇಂದಿಗೂ ವಿಚಿತ್ರವಾಗಿ ಕಾಣುತ್ತದೆ.

ಗೋವಾ ಮದ್ಯದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಲೇಬೇಕು. ವಾಹನಕ್ಕೆ ವಾರಂಟ್ ಬೇಡ ಎಂಬ ಅಮೆರಿಕದ ನಿಯಮ ಹುಟ್ಟಿದ್ದೇ ಕಳ್ಳ ಮದ್ಯದಿಂದ. ಪಾನನಿಷೇಧದ ಕಾಲದಲ್ಲಿ ಮಿಷಿಗನ್ ರಾಜ್ಯದ ಹೆದ್ದಾರಿಯಲ್ಲಿ ಒಂದು ಕಾರನ್ನು ತಡೆದ ಅಧಿಕಾರಿಗಳು ಸೀಟಿನ ಹೊದಿಕೆ ಹರಿದು ನೋಡಿದಾಗ ಒಳಗೆ 68 ಬಾಟಲಿ ವಿಸ್ಕಿ ಮತ್ತು ಜಿನ್ ಇತ್ತು. ಮನೆ ಎಲ್ಲಿಗೂ ಓಡಿಹೋಗುವುದಿಲ್ಲ, ಕಾರು ಓಡಿಹೋಗುತ್ತದೆ, ಆದ್ದರಿಂದ ನಂಬಲು ಸಕಾರಣವಿದ್ದರೆ ಕಾರಿಗೆ ವಾರಂಟ್ ಬೇಡ ಎಂದು 1925ರ ಕ್ಯಾರಲ್ ಪ್ರಕರಣದಲ್ಲಿ ತೀರ್ಪಾಯಿತು. ಈ ತರ್ಕದಲ್ಲಿ ತಮ್ಮನ ಟೆಂಪೋ ಬೇರೆ, ಆಯಿಯ ಟ್ರಂಕ್ ಬೇರೆ.

ಶಿರಸಿ ವಕೀಲ

ಒಪ್ಪಿಗೆಯ ಚರ್ಚೆ ನಮ್ಮಲ್ಲಿ ಅಷ್ಟು ಮುಖ್ಯವಲ್ಲ. ಶೋಧನೆಗೆ ಒಳಪಡುವ ಮುಚ್ಚಿದ ಸ್ಥಳದಲ್ಲಿ ಇರುವವರು, ವಾರಂಟ್ ಹಿಡಿದು ಬಂದ ಅಧಿಕಾರಿಯನ್ನು ಒಳಗೆ ಬಿಡಲೇಬೇಕು ಎಂದು ಹೊಸ ಸಂಹಿತೆಯ 103ನೇ ಕಲಮು ಹೇಳುತ್ತದೆ. 185ರ ಶೋಧನೆಗೂ ಅದೇ ನಿಯಮಗಳು ಆದಷ್ಟು ಮಟ್ಟಿಗೆ ಅನ್ವಯಿಸುತ್ತವೆ. ಅಂದರೆ ಅಧಿಕಾರಿ ತನ್ನ ಕಾರಣ ಬರೆದಿಟ್ಟು ಬಂದಿದ್ದರೆ ಆಯಿ ಬೇಡವೆಂದರೂ ಒಳಗೆ ಬರಬಹುದಿತ್ತು. ಬರೆಯದೆ ಬಂದಿದ್ದರೆ, ಬನ್ನಿ ಎಂದು ಆಯಿ ಕರೆದ ಮಾತ್ರಕ್ಕೆ ಅವರ ಲೋಪ ಮುಚ್ಚಿಹೋಗುವುದಿಲ್ಲ.

ಕುಮಟೆಯ ಕಿರಾಣಿ

ಪಂಚರ ಮಾತು ಬಂತಲ್ಲ, ನನ್ನ ಕಥೆ ಕೇಳಿ. ಹತ್ತು ವರ್ಷಗಳ ಹಿಂದೆ ಒಂದು ಸಂಜೆ ಅಂಗಡಿ ಬಾಗಿಲು ಎಳೆಯುತ್ತಿದ್ದಾಗ "ಎರಡು ನಿಮಿಷದ ಕೆಲಸ ಶೆಟ್ಟರೇ" ಎಂದು ಕರೆದೊಯ್ದರು. ಒಂದು ಬಾಡಿಗೆ ಕೋಣೆ. ನಾನು ಹೋಗುವಷ್ಟರಲ್ಲಿ ವಸ್ತುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಾಗಿತ್ತು. ಪಂಚನಾಮೆಯಲ್ಲಿ ನಡುನಡುವೆ ಜಾಗ ಖಾಲಿ ಬಿಟ್ಟಿದ್ದರು, ತುಂಬಿಕೊಳ್ಳುತ್ತೇವೆ ಎಂದರು, ನಾನು ಸಹಿ ಹಾಕಿದೆ. ಆರು ವರ್ಷದ ಮೇಲೆ ಸಮನ್ಸ್ ಬಂತು. ಕಟಕಟೆಯಲ್ಲಿ ನಿಂತು, ಅದು ಎಲ್ಲಿಂದ ಸಿಕ್ಕಿತೆಂದು ನಾನು ನೋಡಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸರಕಾರಿ ವಕೀಲರು ನನ್ನನ್ನು ಪ್ರತಿಕೂಲ ಸಾಕ್ಷಿ ಎಂದು ಬರೆಸಿ, ಕಳ್ಳನನ್ನು ಕೇಳುವಂತೆ ಪ್ರಶ್ನೆ ಕೇಳಿದರು. ಅಂದಿನಿಂದ ಜೀಪಿನ ಸದ್ದು ಕೇಳಿದರೆ ಗೋದಾಮಿನ ಹಿಂಬಾಗಿಲಿನಿಂದ ಹೊರಡುತ್ತೇನೆ.

ನಿವೃತ್ತ ಜಮಾದಾರ

ಶೆಟ್ಟರೇ, ನಿಮ್ಮಂಥವರು ಹಿಂಬಾಗಿಲಿನಿಂದ ಹೊರಡುವುದರಿಂದಲೇ ಎಲ್ಲ ಪ್ರಕರಣಕ್ಕೂ ಅದೇ ಇಬ್ಬರು ಪಂಚರು ಆಗುತ್ತಾರೆ, ಆಮೇಲೆ ನೀವೇ "ಕಾಯಂ ಪಂಚರು" ಎಂದು ನಗುತ್ತೀರಿ. ಬರಹದ ಆದೇಶ ಕೊಟ್ಟು ಕರೆದಾಗ ಕಾರಣವಿಲ್ಲದೆ ಬಾರದಿರುವುದು ಅಪರಾಧ ಎಂಬುದೂ ತಿಳಿದಿರಲಿ.

ಶಿರಸಿ ವಕೀಲ

ಜಮಾದಾರರು ಹೇಳಿದ್ದು ನಿಜ, 103ರಲ್ಲಿ ಹಾಗೆಯೇ ಇದೆ. ಅದೇ ಕಲಮಿನಲ್ಲಿ, ಆ ಕೇರಿಯ ಇಬ್ಬರು ಅಥವಾ ಹೆಚ್ಚು ಸ್ವತಂತ್ರ, ಗೌರವಸ್ಥ ನಿವಾಸಿಗಳನ್ನು ಶೋಧನೆಗೆ ಮೊದಲೇ ಕರೆಯಬೇಕು ಎಂದೂ ಇದೆ. ಮೇಜಿನ ಮೇಲೆ ಜೋಡಿಸಿಟ್ಟ ನಂತರ ಕರೆಯಬೇಕು ಎಂದು ಎಲ್ಲಿಯೂ ಇಲ್ಲ.

ಅಂಕೋಲೆ ಓದುಗ

ಹಾಗಾದರೆ ಅಮೆರಿಕದವರಿಗೆ ಸಂವಿಧಾನದಲ್ಲೇ ಇರುವ ರಕ್ಷಣೆ ನಮಗೇಕೆ ಇಲ್ಲ? ನಮ್ಮ ಸಂವಿಧಾನ ಬರೆದವರಿಗೆ ಬ್ರಿಟಿಷ್ ಪೊಲೀಸರ ಅನುಭವ ಕಡಿಮೆಯಿತ್ತೇ? ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಎಷ್ಟು ಮನೆಗಳ ಮಡಕೆ ಒಡೆದು ಹುಡುಕಿದ್ದರು ಎಂದು ನಮ್ಮಜ್ಜ ಹೇಳುತ್ತಿದ್ದರು.

ಶಿರಸಿ ವಕೀಲ

ಒಳ್ಳೆಯ ಪ್ರಶ್ನೆ, ಸ್ವಲ್ಪ ಉದ್ದದ ಉತ್ತರ. ಅಂಥ ರಕ್ಷಣೆಯನ್ನು ಸೇರಿಸಲು ಸಂವಿಧಾನ ಸಭೆಯಲ್ಲಿ ಪ್ರಯತ್ನ ನಡೆದಿತ್ತು. 1948ರಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಅವರು ಅಮೆರಿಕದ ನಾಲ್ಕನೇ ತಿದ್ದುಪಡಿಯ ಮಾದರಿಯಲ್ಲೇ ಒಂದು ತಿದ್ದುಪಡಿ ಮಂಡಿಸಿದರು. ಇದು ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಆಗಲೇ ಇದೆ, ಆದರೂ ಶಾಸಕಾಂಗದ ಕೈಗೆ ಎಟುಕದಂತೆ ಸಂವಿಧಾನದಲ್ಲಿಡುವುದು ಉಪಯುಕ್ತ ಎಂಬ ನಿಲುವು ಅಂಬೇಡ್ಕರ್ ಅವರದಾಗಿತ್ತು. ಕೊನೆಗೆ ಅದು ಅಂಗೀಕಾರವಾಗಲಿಲ್ಲ. ಅದರ ಫಲವನ್ನು ನಾವು 1954ರಲ್ಲಿ ಕಂಡೆವು. ಎಂ. ಪಿ. ಶರ್ಮಾ ಪ್ರಕರಣದಲ್ಲಿ ಎಂಟು ನ್ಯಾಯಮೂರ್ತಿಗಳ ಪೀಠ, ಸಂವಿಧಾನ ಬರೆದವರೇ ನಾಲ್ಕನೇ ತಿದ್ದುಪಡಿಯಂಥ ಖಾಸಗಿತನದ ಹಕ್ಕನ್ನು ಒಪ್ಪಿಕೊಳ್ಳದಿರುವಾಗ ನಾವು ಅದನ್ನು ಎಳೆದು ತರುವುದು ಹೇಗೆ ಎಂದಿತು.

ಅನಂತರ ಖರಕ್ ಸಿಂಗ್ ಪ್ರಕರಣ, 1962. ಉತ್ತರ ಪ್ರದೇಶದ ಪೊಲೀಸರು ನಿಗಾ ಇಡುವ ನೆಪದಲ್ಲಿ ಆತನ ಮನೆ ಬಾಗಿಲನ್ನು ನಡುರಾತ್ರಿ ತಟ್ಟುತ್ತಿದ್ದರು. ಆ ರಾತ್ರಿ ಭೇಟಿಗಳಿಗೆ ಯಾವ ಶಾಸನದ ಬಲವೂ ಇಲ್ಲ, ಬರಿಯ ಇಲಾಖಾ ನಿಯಮ ಸಾಲದು ಎಂದು ನ್ಯಾಯಾಲಯ ಅವನ್ನು ರದ್ದುಪಡಿಸಿತು, ಆದರೆ ಅದೇ ಉಸಿರಿನಲ್ಲಿ ಖಾಸಗಿತನ ಮೂಲಭೂತ ಹಕ್ಕಲ್ಲ ಎಂದೂ ಹೇಳಿತು. ಈ ಎರಡೂ ತೀರ್ಪುಗಳ ಆ ಭಾಗವನ್ನು ಅಳಿಸಿದ್ದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ. ಅರ್ಜಿದಾರರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಈಗ ಖಾಸಗಿತನ ಮೂಲಭೂತ ಹಕ್ಕು. ಅದನ್ನು ಮೊಟಕುಗೊಳಿಸುವುದಕ್ಕೆ ಕಾನೂನಿನ ಬಲ ಬೇಕು, ನ್ಯಾಯಸಮ್ಮತ ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣ ಬೇಕು. ಆದರೂ 185ನೇ ಕಲಮು ಇದ್ದ ಹಾಗೆಯೇ ಇದೆ ಎಂಬುದನ್ನು ಮರೆಯಬೇಡಿ.

ಬೇಸರದ ಹೊನ್ನಾವರಿಗ

ಇಷ್ಟೆಲ್ಲ ಓದಿ ಏನು ಬಂತು? ಶೋಧನೆ ಅಕ್ರಮವಾದರೂ ಸಿಕ್ಕಿದ ಮಾಲು ಸಾಕ್ಷ್ಯವಾಗಿ ನಿಲ್ಲುತ್ತದೆ. 1973ರ ಪೂರಣ್ ಮಲ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ಅದನ್ನೇ ಹೇಳಿದ್ದಾರೆ. ನಿಯಮ ಮುರಿದರೂ ನಷ್ಟವಿಲ್ಲ ಎಂದಾದರೆ ನಿಯಮ ಯಾರು ಪಾಲಿಸುತ್ತಾರೆ?

ಯಲ್ಲಾಪುರದಿಂದ ನ್ಯೂಜೆರ್ಸಿಗೆ

ದೊಡ್ಡ ವ್ಯತ್ಯಾಸ ಇರುವುದು ಇಲ್ಲಿಯೇ. ಅಕ್ರಮವಾಗಿ ಪಡೆದ ಸಾಕ್ಷ್ಯವನ್ನು ಹೊರಗಿಡಬೇಕೆಂಬ ನಿಯಮ ಅಮೆರಿಕದ ಕೇಂದ್ರ ನ್ಯಾಯಾಲಯಗಳಲ್ಲಿ 1914ರಿಂದಲೂ, ರಾಜ್ಯಗಳಲ್ಲಿ 1961ರ ಮ್ಯಾಪ್ ಪ್ರಕರಣದಿಂದಲೂ ಇದೆ. ಅದಕ್ಕೂ ಅಪವಾದಗಳು ಸೇರಿಕೊಂಡಿವೆ, ಆದರೆ ಪೊಲೀಸರು ಕನಿಷ್ಠ ಆ ಹೆದರಿಕೆಯಲ್ಲಿ ಕೆಲಸ ಮಾಡುತ್ತಾರೆ.

ಶಿರಸಿ ವಕೀಲ

ಹೊನ್ನಾವರದವರು ಅರ್ಧ ಸರಿ, ಆದರೆ ಈ ಪ್ರಕರಣಕ್ಕೆ ಬೇಕಾದದ್ದು ಇನ್ನರ್ಧ. ಪೂರಣ್ ಮಲ್ ಆದಾಯ ತೆರಿಗೆಯ ಶೋಧನೆ. ಸಾಮಾನ್ಯ ನಿಯಮವಾಗಿ, ಅಕ್ರಮ ಶೋಧನೆಯಲ್ಲಿ ಸಿಕ್ಕಿದ್ದನ್ನು ನ್ಯಾಯಾಲಯ ಹೆಚ್ಚು ಎಚ್ಚರದಿಂದ ತೂಗುತ್ತದೆಯೇ ಹೊರತು ಎತ್ತಿ ಎಸೆಯುವುದಿಲ್ಲ. ಆದರೆ ಕೋಡಿಬಾಗದವರ ತಮ್ಮನ ಮೇಲಿರುವುದು ಅಬಕಾರಿ ಪ್ರಕರಣ. ಕರ್ನಾಟಕ ಅಬಕಾರಿ ಕಾಯ್ದೆ, 1965ರ 54ನೇ ಕಲಮು ವಾರಂಟ್ ಇಲ್ಲದ ಶೋಧನೆಗೆ ಹಗಲು ರಾತ್ರಿ ಎನ್ನದೆ ಅವಕಾಶ ಕೊಡುತ್ತದೆ, ಆದರೆ ಷರತ್ತಿನ ಮೇಲೆ. ವಾರಂಟ್ ತರುವಷ್ಟರಲ್ಲಿ ಆರೋಪಿ ತಪ್ಪಿಸಿಕೊಳ್ಳುತ್ತಾನೆ ಅಥವಾ ಸಾಕ್ಷ್ಯ ಬಚ್ಚಿಡುತ್ತಾನೆ ಎಂದು ನಂಬಲು ಕಾರಣವಿರಬೇಕು, ಆ ಕಾರಣವನ್ನು ಮೊದಲು ಬರೆಯಬೇಕು, ಅನಂತರ ಒಳಗೆ ಹೋಗಬೇಕು.

1979ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಕೆ. ಎಲ್. ಸುಬ್ಬಯ್ಯ ಪ್ರಕರಣ ನಮ್ಮ ರಾಜ್ಯದ್ದೇ. ಕಾರನ್ನು ಶೋಧಿಸುವ ಮೊದಲು ಇನ್‌ಸ್ಪೆಕ್ಟರ್ ಕಾರಣಗಳನ್ನು ಬರೆದಿರಲಿಲ್ಲ. 54ನೇ ಕಲಮು ಪಾಲನೆಯಾಗಿಲ್ಲ, ಶೋಧನೆಯೇ ಅಧಿಕಾರವಿಲ್ಲದ್ದು ಎಂದು ಶಿಕ್ಷೆಯನ್ನೇ ರದ್ದುಪಡಿಸಿದರು. ಗಮನಿಸಿ, ಅದು ಮನೆಯೂ ಅಲ್ಲ, ಕಾರು. ಅಂದರೆ ತಮ್ಮನ ಟೆಂಪೋಗೂ ಈ ಪ್ರಶ್ನೆ ಬರುತ್ತದೆ. ನಾಕೆಯಲ್ಲಿ ತಡೆದದ್ದು ಮೊದಲೇ ಬಂದ ಮಾಹಿತಿಯ ಮೇಲೋ, ದಿನನಿತ್ಯದ ತಪಾಸಣೆಯಲ್ಲೋ ಎಂಬುದನ್ನು ನಿಮ್ಮ ವಕೀಲರು ಮೊದಲು ಕೇಳಬೇಕು.

ತದಡಿ ಬೋಟ್ ಮಾಲಕ

ನಮ್ಮ ಬೋಟಿನ ಗತಿ ಏನು? ಮೀನು ಇಳಿಸುವ ಮೊದಲೇ ಹತ್ತಿ ಐಸ್ ಪೆಟ್ಟಿಗೆ ತೆರೆಸುತ್ತಾರೆ. ಅರ್ಧ ಗಂಟೆ ಮುಚ್ಚಳ ತೆರೆದಿಟ್ಟರೆ ಬಂಗುಡೆಯ ದರ ಇಳಿಯುತ್ತದೆ. ಬೋಟ್ ಮನೆಯಲ್ಲ, ಅದಕ್ಕೆ ಯಾವ ನಿಯಮವೂ ಇಲ್ಲ ಎಂದು ಒಬ್ಬರು ಹೇಳಿದರು.

ಶಿರಸಿ ವಕೀಲ

ಹೇಳಿದವರು ಸಂಹಿತೆಯ ವ್ಯಾಖ್ಯೆಗಳ ಪುಟ ತೆರೆದಿಲ್ಲ. "ಸ್ಥಳ" ಎಂದರೆ ಮನೆ, ಕಟ್ಟಡ, ಡೇರೆ, ವಾಹನ, ಹಡಗು ಎಲ್ಲವೂ ಸೇರುತ್ತವೆ. ಪೊಲೀಸರಿಗೆ ನಿಮ್ಮ ಬೋಟೂ ಒಂದು ಸ್ಥಳವೇ, ಕಾರಣವೂ ಬೇಕು, ಪಟ್ಟಿಯೂ ಬೇಕು. ಕಸ್ಟಮ್ಸ್‌ನವರ ಮಾತು ಬೇರೆ. ಕಳ್ಳಸಾಗಣೆಯ ಅನುಮಾನಕ್ಕೆ ಕಾರಣವಿದ್ದರೆ ವಾಹನ, ಹಡಗುಗಳನ್ನು ತಡೆದು ಶೋಧಿಸಲು 1962ರ ಕಾಯ್ದೆಯ 106ನೇ ಕಲಮು ಅವರಿಗೆ ನೇರ ಅಧಿಕಾರ ಕೊಟ್ಟಿದೆ.

ಜೋಯಿಡಾದಿಂದ

ನಮಗೆ ಪೊಲೀಸರಿಗಿಂತ ಅರಣ್ಯದವರೇ ಹತ್ತಿರ. ಕೊಟ್ಟಿಗೆಯ ಮಾಡಿಗೆ ಹಾಕಿದ ಅಜ್ಜನ ಕಾಲದ ಸಾಗುವಾನಿ ನಾಟಾವನ್ನು ಗೀರಿ ನೋಡಿ, ಇದು ಹೊಸದೋ ಹಳೆಯದೋ ಎಂದು ಒಂದು ಮಧ್ಯಾಹ್ನವಿಡೀ ಪಂಚಾಯಿತಿ ಮಾಡಿದ್ದುಂಟು. ಅವರಿಗೂ ವಾರಂಟ್ ಬೇಡವೇ?

ಶಿರಸಿ ವಕೀಲ

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 50ನೇ ಕಲಮಿನಲ್ಲಿ ಅರಣ್ಯಾಧಿಕಾರಿಗಳಿಗೂ, ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸರಿಗೂ ವಾರಂಟ್ ಇಲ್ಲದೆ ಶೋಧಿಸುವ ಅಧಿಕಾರವಿದೆ, ನಂಬಲು ಸಕಾರಣ ಬೇಕು. ನಾಟಾದ ವಿಷಯ ಕರ್ನಾಟಕ ಅರಣ್ಯ ಕಾಯ್ದೆಯದು, ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಮುಗಿಯುವುದಿಲ್ಲ.

ಗೋಕರ್ಣ ಹೋಂಸ್ಟೇ

ನಮ್ಮಲ್ಲಿಗೆ ಗಾಂಜಾ ಹುಡುಕಿಕೊಂಡು ಬರುತ್ತಾರೆ. ಅತಿಥಿ ಸಮುದ್ರಕ್ಕೆ ಹೋಗಿರುವಾಗ ಕೋಣೆಯ ಕೀಲಿ ಕೊಡಿ ಎನ್ನುತ್ತಾರೆ. ಕೊಟ್ಟರೆ ಅತಿಥಿ ಬೈಯುತ್ತಾನೆ, ಕೊಡದಿದ್ದರೆ ಇವರು.

ಯಲ್ಲಾಪುರದಿಂದ ನ್ಯೂಜೆರ್ಸಿಗೆ

ಇಲ್ಲಿ 1964ರಲ್ಲೇ ಇದರ ತೀರ್ಮಾನವಾಗಿದೆ. ಹೋಟೆಲ್ ಗುಮಾಸ್ತ ಅತಿಥಿಯ ಪರವಾಗಿ ಒಪ್ಪಿಗೆ ಕೊಡುವಂತಿಲ್ಲ, ಕೋಣೆ ಬಾಡಿಗೆಗೆ ಇರುವಷ್ಟು ದಿನ ಅದು ಅತಿಥಿಯದು.

ಶಿರಸಿ ವಕೀಲ

ನಮ್ಮ ಮಾದಕವಸ್ತು ಕಾಯ್ದೆ, 1985 ಬೇರೆಯೇ ದಾರಿ ಹಿಡಿದಿದೆ. ಅದರ 42ನೇ ಕಲಮಿನಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಒಂದು ಕ್ರಮ, ಕತ್ತಲಾದ ಮೇಲೆ ಇನ್ನೊಂದು. ಕತ್ತಲಲ್ಲಿ ವಾರಂಟ್ ಇಲ್ಲದೆ ಹೋಗಬೇಕಾದರೆ ಏಕೆ ಹೋಗಬೇಕಾಯಿತು ಎಂದು ಬರೆಯಬೇಕು, 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳುಹಿಸಬೇಕು. ವ್ಯಕ್ತಿಯ ಮೈ ಶೋಧಿಸುವುದಾದರೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧಿಸಿ ಎಂದು ಕೇಳುವ ಹಕ್ಕು ನಿನಗಿದೆ ಎಂದು 50ನೇ ಕಲಮಿನಂತೆ ತಿಳಿಸಲೇಬೇಕು. ಬಲದೇವ್ ಸಿಂಗ್ ಪ್ರಕರಣದಲ್ಲಿ, 1999ರಲ್ಲಿ, ಸಂವಿಧಾನ ಪೀಠ ಇದನ್ನು ಗಟ್ಟಿಯಾಗಿ ಹೇಳಿದೆ. ಆದರೆ ಇದು ಮೈಗೆ ಮಾತ್ರ, ಚೀಲಕ್ಕಲ್ಲ. ವಿನಾಕಾರಣ ಪೀಡಿಸಲು ಶೋಧಿಸಿದ ಅಧಿಕಾರಿಗೇ ಆರು ತಿಂಗಳವರೆಗೆ ಜೈಲು ಎಂದು 58ನೇ ಕಲಮಿನಲ್ಲಿದೆ. ಅದರಡಿ ಶಿಕ್ಷೆಯಾದ ಒಬ್ಬರನ್ನೂ ನಾನು ಇದುವರೆಗೆ ಕಂಡಿಲ್ಲ.

ಶಾಲೆಯ ಅಕ್ಕೋರು

ಎಲ್ಲರೂ ಕಲಮುಗಳಲ್ಲಿ ಮುಳುಗಿದ್ದೀರಿ. ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದ್ದರು, ಬಂದ ನಾಲ್ವರಲ್ಲಿ ಮಹಿಳಾ ಸಿಬ್ಬಂದಿ ಇದ್ದರೇ?

ಕೋಡಿಬಾಗದವ

ಇರಲಿಲ್ಲ ಅಕ್ಕೋರೇ. ಆಯಿಯ ಮೈಯನ್ನು ಯಾರೂ ಮುಟ್ಟಲಿಲ್ಲ, ಅದನ್ನು ಹೇಳಲೇಬೇಕು. ಆದರೆ ಅವಳ ಹಾಸಿಗೆಯನ್ನು ಅವಳೆದುರೇ ಮಗುಚಿದರು.

ನಿವೃತ್ತ ಜಮಾದಾರ

ಮಹಿಳೆಯ ಮೈ ಶೋಧಿಸುವುದಿದ್ದರೆ ಮಹಿಳೆಯೇ ಬೇಕು, ಅದೂ ಮರ್ಯಾದೆಗೆ ಕುಂದು ಬಾರದಂತೆ. ಹಾಸಿಗೆಗೆ ಅಂಥ ನಿಯಮ ಇಲ್ಲ. ಇದ್ದಿದ್ದರೆ ಒಳ್ಳೆಯದಿತ್ತು ಎಂದು ನನಗೂ ಅನಿಸಿದ್ದುಂಟು.

ಬೇಸರದ ಹೊನ್ನಾವರಿಗ

ಮೊಬೈಲಿನ ಬಗ್ಗೆ ಯಾರೂ ಮಾತನಾಡಿಲ್ಲ. ಇಂದು ಮನೆಗಿಂತ ಹೆಚ್ಚಿನ ಗುಟ್ಟು ಅದರಲ್ಲೇ ಇದೆ.

ಶಿರಸಿ ವಕೀಲ

ಅದಕ್ಕೇ ಬರುತ್ತಿದ್ದೆ. ವಸ್ತುವನ್ನು ವಶಪಡಿಸಿಕೊಳ್ಳುವುದು ಒಂದು, ಅದರೊಳಗೆ ಇಣುಕುವುದು ಇನ್ನೊಂದು. ವೀರೇಂದ್ರ ಖನ್ನಾ ಪ್ರಕರಣದಲ್ಲಿ 2021ರಲ್ಲಿ ನಮ್ಮ ಹೈಕೋರ್ಟ್ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿತು. ತುರ್ತು ಸಂದರ್ಭಗಳನ್ನು ಬಿಟ್ಟರೆ, ಸ್ಮಾರ್ಟ್‌ಫೋನಿನ ಒಳಗನ್ನು ಶೋಧಿಸಲು ನ್ಯಾಯಾಲಯದ ಶೋಧನಾ ವಾರಂಟ್ ಬೇಕು. ಪೊಲೀಸರು ಪಾಸ್‌ವರ್ಡ್ ಕೇಳಬಹುದು, ಆರೋಪಿ ಕೊಡದಿದ್ದರೆ ಅವರು ನ್ಯಾಯಾಲಯಕ್ಕೆ ಹೋಗಬೇಕು. ಆದರೆ ಅದೇ ತೀರ್ಪು, ಪಾಸ್‌ವರ್ಡ್ ಕೊಡುವುದು ಸಂವಿಧಾನದ 20(3)ನೇ ವಿಧಿಯ ಅರ್ಥದಲ್ಲಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದೂ ಹೇಳಿದೆ, ಅದು ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಯಲ್ಲಾಪುರದಿಂದ ನ್ಯೂಜೆರ್ಸಿಗೆ

ಬಂಧಿತನ ಕಿಸೆಯಲ್ಲಿ ಸಿಕ್ಕ ಫೋನನ್ನು ನೋಡಲೂ ವಾರಂಟ್ ಬೇಕು ಎಂದು ಇಲ್ಲಿ 2014ರ ರೈಲಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದರು.

ಶಿರಸಿ ವಕೀಲ

ಕೋಡಿಬಾಗದವರೇ, ಈಗ ಕೆಲಸದ ಮಾತು. 185ರ ಶೋಧನೆ ಮಾಡಿದ ಅಧಿಕಾರಿ ತನ್ನ ಕಾರಣಗಳ ಬರಹದ ಪ್ರತಿಯನ್ನು 48 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಮನೆಯ ಮಾಲಕ ಅಥವಾ ವಾಸಿಸುವವ ಅರ್ಜಿ ಕೊಟ್ಟರೆ ನ್ಯಾಯಾಲಯ ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣೆಗೆ ಹೋಗಿ ಜಗಳವಾಡಬೇಡಿ. ಕಾರವಾರದ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರ, ಅಂದರೆ ಜೆಎಂಎಫ್‌ಸಿ ನ್ಯಾಯಾಲಯದಲ್ಲಿ ಅರ್ಜಿ ಕೊಡಿ, ಫೋನ್ ವಶಪಡಿಸಿಕೊಂಡ ವರದಿ ಬಂದಿದೆಯೇ ಎಂದೂ ಅದರಲ್ಲೇ ಕೇಳಿ.

ಕೋಡಿಬಾಗದವ

ಎಲ್ಲರಿಗೂ ಕೃತಜ್ಞತೆಗಳು. ಅರ್ಜಿ ಕೊಟ್ಟು ಆರು ದಿನವಾಯಿತು, ನಿನ್ನೆ ಪ್ರತಿ ಸಿಕ್ಕಿತು. ಕಾರಣದ ಜಾಗದಲ್ಲಿ "ಖಚಿತ ಮಾಹಿತಿ ಬಂದ ಮೇರೆಗೆ" ಎಂದು ಒಂದೇ ಸಾಲಿದೆ. ಠಾಣೆಯಲ್ಲಿ ಅದನ್ನು ಬರೆದ ಸಮಯ ರಾತ್ರಿ 9.40, ಮನೆ ತಲುಪಿದ್ದು 9.55 ಎಂದಿದೆ. ಇಬ್ಬರು ಪಂಚರ ಹೆಸರಿದೆ, ಇಬ್ಬರೂ ನಮ್ಮ ಕೇರಿಯವರಲ್ಲ, ಅಂದು ರಾತ್ರಿ ನಾನು ಅವರನ್ನು ನೋಡಿಯೂ ಇಲ್ಲ. ಫೋನ್ ಪಟ್ಟಿಯಲ್ಲಿದೆ. ಎದುರಿನ ಔಷಧ ಅಂಗಡಿಯ ಕ್ಯಾಮೆರಾದಲ್ಲಿ ಜೀಪು ಬಂದು ನಿಂತದ್ದು 9.12ಕ್ಕೆ.

ಅಂಕೋಲೆ ಓದುಗ

ಅಂದರೆ ಒಳಗೆ ಬಂದು ಹೋದ ಮೇಲೆ ಕಾರಣ ಬರೆದಿದ್ದಾರೆ!

ನಿವೃತ್ತ ಜಮಾದಾರ

ಅವಸರ ಬೇಡ. ಅಂಗಡಿಗಳ ಕ್ಯಾಮೆರಾದ ಗಡಿಯಾರ ಅರ್ಧ ಗಂಟೆ ಹಿಂದೆ ಮುಂದೆ ಇರುವುದು ಮಾಮೂಲು. ನಾನು ತನಿಖೆ ಮಾಡುವಾಗ ಇದರಲ್ಲೇ ಪೆಟ್ಟು ತಿಂದಿದ್ದೇನೆ. ಮೊದಲು ಅದನ್ನು ನೋಡಿ.

ಶಿರಸಿ ವಕೀಲ

ಜಮಾದಾರರ ಮಾತು ಕೇಳಿ. ಕ್ಯಾಮೆರಾದ ಪರದೆಯನ್ನೂ ನಿಮ್ಮ ಫೋನಿನ ಗಡಿಯಾರವನ್ನೂ ಒಟ್ಟಿಗೆ ಹಿಡಿದು ಒಂದು ಚಿತ್ರ ತೆಗೆಯಿರಿ. ದೃಶ್ಯವನ್ನು ಇಂದೇ ಪ್ರತಿ ಮಾಡಿಸಿ, ಹಳೆಯದರ ಮೇಲೆ ಹೊಸದು ಮುದ್ರಣವಾಗಿ ಅಳಿಸಿಹೋಗುತ್ತದೆ. ಅಂಗಡಿಯವರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಅದರ ಎರಡನೇ ಭಾಗಕ್ಕೆ ತಜ್ಞರ ಸಹಿಯೂ ಬೇಕು. ಆ ನಮೂನೆ ನಿಮ್ಮ ವಕೀಲರ ಬಳಿ ಇರುತ್ತದೆ.

ಕೋಡಿಬಾಗದವ

ಈಗಷ್ಟೇ ನೋಡಿ ಬಂದೆ. ಅಂಗಡಿಯ ಗಡಿಯಾರ ನಾಲ್ಕು ನಿಮಿಷ ಮುಂದಿದೆ.